ಅಲೋನರ ಸೆರೆಯಾಳು

ಅಲೋನರ ಸೇನಾಪತಿ ಬಕುರೊ ಶತ್ರುಗಳ ಕೈಗೆ ಸಿಕ್ಕಿಬಿದ್ದ ವಾರವೇ ಮಾಂಗ್ ಸೆಬ್ಯೊ ಅವರ ಮಗಳನ್ನು ಸೈನಿಕರು ಹಿಡಿದುಕೊಂಡು ಹೋದರು. ಮೊದಲನೆಯದು ನಡೆದದ್ದು ನಮ್ಮ ಕಾಮಿಕ್ಸ್ ವಾರಪತ್ರಿಕೆಯ ಪುಟಗಳಲ್ಲಿ. ಎರಡನೆಯದು ಮನಿಲಾದಲ್ಲೇ, ಕಾಲೇಜಿನ ಹಿಂದಿನ ಬೀದಿಯ ಬಾಡಿಗೆ ಕೋಣೆಯೊಂದರಲ್ಲಿ, ಹಾಡುಹಗಲು. ದೇಶಕ್ಕೆ ಸೈನಿಕ ಕಾನೂನು ಬಂದು ವರ್ಷವಾಗಿತ್ತು.

ಕಥೆ ಕಟ್ಟಿ ಪೆನ್ಸಿಲಿನಲ್ಲಿ ಚಿತ್ರ ಬರೆಯುವುದು ಮಾಂಗ್ ಸೆಬ್ಯೊ ಅವರ ಕೆಲಸ. ಅದರ ಮೇಲೆ ಮಸಿ ಎಳೆದು, ಮಾತಿನ ಗುಳ್ಳೆಗಳಲ್ಲಿ ಅಕ್ಷರ ತುಂಬುವುದು ನನ್ನದು. ಸಿಲಿಮರು ರೆಕ್ಕೆಯವರು, ಕತ್ತಲ ಗ್ರಹದವರು. ಅಲೋನರು ಕಿವಿರುಗಳಿರುವವರು, ಕೆಂಪು ಕಡಲಿನೊಳಗೆ ಬಾಳುವವರು. ಎರಡು ಗ್ರಹಗಳ ನಡುವೆ ಆರಿಹೋಗುತ್ತಿರುವ ಒಂದು ಪುಟ್ಟ ಸೂರ್ಯ. ಅದಕ್ಕಾಗಿ ತಲೆತಲಾಂತರದ ಯುದ್ಧ. ಬಾಡಿಗೆ ಬಂಡಿ ಜೀಪ್ನಿ ಓಡಿಸುವವರಿಂದ ಹಿಡಿದು ಮೀನು ಮಾರುವ ಹೆಂಗಸರವರೆಗೆ ಎಲ್ಲರೂ ಅದನ್ನು ಓದುತ್ತಿದ್ದರು.

ಮಾಂಗ್ ಸೆಬ್ಯೊ ಅವರಿಗೆ ಪೆರ್ಲಿಟಾ ಒಬ್ಬಳೇ ಮಗಳು, ತಾಯಿಯಿಲ್ಲದವಳು, ಗಲ್ಲದ ಮೇಲೆ ಹಳೆಯ ಗಾಯದ ಕಲೆಯಿದ್ದವಳು. ಕೂಸಾಗಿದ್ದಾಗ ಅಪ್ಪನ ಮಸಿಕುಡಿಕೆಯನ್ನೆಲ್ಲ ಮೈಮೇಲೆ ಸುರಿದುಕೊಂಡಿದ್ದಳಂತೆ. ಅಂದಿನಿಂದ ಮನೆಯಲ್ಲಿ ಅವಳು ಪುಸಿತ್, ಮಸಿ ಕಾರುವ ಮೀನು. ಹಾಗೆ ಕರೆಯುತ್ತಿದ್ದದ್ದು ಅಪ್ಪ ಮತ್ತು ನಾನು ಮಾತ್ರ.

ಹಿಡಿದವರನ್ನು ಕೂಡಿಹಾಕುತ್ತಿದ್ದ ಸೈನಿಕ ಶಿಬಿರದ ಗೇಟಿಗೆ ದಿನವೂ ಹೋಗುತ್ತಿದ್ದೆವು. ಕಾವಲಿನ ಸಾರ್ಜೆಂಟ್ ಬೊನೊವಾನ್ ಬೇಯಿಸಿದ ಕಡಲೆಕಾಯಿ ಸುಲಿಯುತ್ತ ಕೂತಿರುತ್ತಿದ್ದ.

"ಅಂಥ ಹೆಸರಿನೋಳು ಯಾರೂ ಇಲ್ಲ ಅಜ್ಜ. ದಿನಾ ಬಂದು ಕೇಳಿದ್ರೆ ಹೊಸದಾಗಿ ಹುಟ್ಕೊಳ್ತಾಳಾ?"

ಒಂದು ದಿನ ನನಗೆ ತಡೆಯಲಾಗಲಿಲ್ಲ. "ಯಾರ ಹತ್ರ ಮಾತಾಡ್ತಿದೀಯ ಗೊತ್ತೇನಪ್ಪ? ಬಕುರೊನ್ನ ಬರೆಯೋರು ಇವರೇ," ಅಂದುಬಿಟ್ಟೆ.

ಅವನ ಕೈ ಕಡಲೆಕಾಯಿಯ ಮೇಲೇ ನಿಂತಿತು. "ರೈಲು ಬಿಡಬೇಡ ಕಣಮ್ಮ."

"ಬರೆದು ತೋರಿಸ್ಲಾ?" ಎಂದರು ಮಾಂಗ್ ಸೆಬ್ಯೊ.

ಅವನು ಸಿಗರೇಟಿನ ಖಾಲಿ ಪೊಟ್ಟಣ ಬಿಚ್ಚಿಕೊಟ್ಟ. ಅವರು ಗೇಟಿನ ಕಂಬಕ್ಕೆ ಅದನ್ನು ಒತ್ತಿ ಹಿಡಿದು ಬರೆದರು. ಗೆರೆ ಎಲ್ಲೂ ತಪ್ಪಲಿಲ್ಲ. ಕಿವಿರು, ಸೀಳಿದ ಹುಬ್ಬು, ಮುರಿದ ಹಲ್ಲು, ಸಾಕ್ಷಾತ್ ಬಕುರೊ.

"ಅಯ್ಯೋ ದೇವ್ರೇ," ಎಂದ ಸಾರ್ಜೆಂಟ್. ಆಮೇಲೆ ದನಿ ತಗ್ಗಿಸಿ, "ಅವನು ಸಾಯ್ತಾನಾ?"

"ನನ್ನ ಮಗಳು ಒಳಗಿದಾಳಾ?"

ಸಾರ್ಜೆಂಟ್ ಅತ್ತಿತ್ತ ನೋಡಿ, "ನಾಳೆ ಬಾ," ಎಂದ.

ಮಾರನೆಯ ದಿನ ನಾವು ಕೇಳುವ ಮೊದಲೇ ಹೇಳಿದ. "ಗಲ್ಲದ ಮೇಲೆ ಗಾಯದ ಕಲೆ ಇರೋಳು ತಾನೆ? ಇದಾಳೆ. ಹಟಮಾರಿ. ಊಟ ಬಿಟ್ಟಿದಾಳೆ. ಈಗ ನೀನು ಹೇಳು."

"ಬಕುರೊ ಸಾಯಲ್ಲ," ಎಂದರು ಮಾಂಗ್ ಸೆಬ್ಯೊ. ನಾನು ತಂದಿದ್ದ ಅನ್ನ, ಮಾಂಸದ ಅಡೋಬೊ ಇದ್ದ ಪೊಟ್ಟಣ ಮುಂದೆ ಹಿಡಿದೆ. ಸಾರ್ಜೆಂಟ್ ಹಿಂದೆ ಸರಿದ.

"ಅನ್ನ ಒಯ್ದ್ರೆ ನನ್ನ ಚರ್ಮ ಸುಲೀತಾರೆ. ಕಾಮಿಕ್ಸ್ ಆದ್ರೆ ಕೇಳೋರಿಲ್ಲ. ನಾವು ಓದಿ ಬಿಸಾಕಿದ್ದೆಲ್ಲ ಹೆಂಗಸರ ಕೋಣೆಗೇ ಹೋಗೋದು."

ಅದನ್ನು ಅವನು ಸುಮ್ಮನೆ ಹೇಳಿದನೋ, ಬೇಕೆಂದೇ ಹೇಳಿದನೋ ನನಗೆ ಇಂದಿಗೂ ತಿಳಿಯದು. ಮಾಂಗ್ ಸೆಬ್ಯೊ ಜೀಪ್ನಿಯತ್ತ ಓಡಿದರು.

ಆ ವಾರ ಸಿಲಿಮರ ಸೆರೆಮನೆಯಲ್ಲಿ ಬಕುರೊನ ಪಕ್ಕದ ಕೋಣೆಗೆ ಒಬ್ಬ ಅಲೋನ ಹುಡುಗಿ ಬಂದಳು. ಹೆಸರು ಪುಸಿತ್. ಅನ್ನ ಮುಟ್ಟದವಳು. ಅವಳ ಅಪ್ಪ ಕಡಲು ದಾಟಿ ಬಂದು, ಗೋಡೆಗೆ ಬಾಯಿ ಹಚ್ಚಿ ಹೇಳುತ್ತಾನೆ: "ಉಣ್ಣೇ ಪುಸಿತ್. ಹೊಟ್ಟೆ ತುಂಬಿದ ಮೇಲೂ ಸಿಟ್ಟು ಎಲ್ಲೂ ಹೋಗಲ್ಲ. ನಾನು ಇಲ್ಲೇ ಹೊರಗಿದೀನಿ." ಆ ಅಕ್ಷರಗಳನ್ನು ಬರೆಯುವಾಗ ನನ್ನ ಕುಂಚ ಎರಡು ಸಲ ಜಾರಿತು.

ಪತ್ರಿಕೆ ಹೊರಬಂದು ಕೆಲವು ದಿನಗಳಾದ ಮೇಲೆ ಸಾರ್ಜೆಂಟ್ ನಮ್ಮನ್ನು ಕಂಡವನೇ ನಕ್ಕ. "ಒಳಗೆ ನಿನ್ನ ಕಥೆ ಓದಕ್ಕೇ ಜಗಳ ಕಣಜ್ಜ, ನಾನು ಮೊದಲು ನೀನು ಮೊದಲು ಅಂತ. ನಿನ್ನ ಮಗಳು ಉಣ್ತಿದಾಳೆ."

ಮಾಂಗ್ ಸೆಬ್ಯೊ ಅವನ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ಕಿರಿಯರು ಹಿರಿಯರ ಕೈಯನ್ನು ಹಣೆಗೊತ್ತಿಕೊಂಡು ಗೌರವ ತೋರುವುದು ನಮ್ಮ ಪದ್ಧತಿ. ಹಿರಿಯರೊಬ್ಬರು ಚಿಕ್ಕವನ ಕೈಯನ್ನು ಹಾಗೆ ಒತ್ತಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವನು ನಾಚಿ ಕೈ ಕಿತ್ತುಕೊಂಡ.

ಅಲ್ಲಿಂದ ಮುಂದೆ ಕಥೆಯಲ್ಲಿ ಯುದ್ಧ ನಿಂತೇಹೋಯಿತು. ವಾರವಾರವೂ ಅದೇ ಗೋಡೆ, ಅದೇ ಮುದುಕ, ಒಳಗೆ ಪುಸಿತ್. ನಮ್ಮ ಸಂಪಾದಕ ಕ್ರಿಸಾಂಟೊ ಪುಟಗಳನ್ನು ಮೇಜಿನ ಮೇಲೆ ಎಸೆದ.

"ಸೆಬ್ಯೊ, ರೆಕ್ಕೆ ಎಲ್ಲಯ್ಯ? ಬೆಂಕಿ ಎಲ್ಲಿ? ಜೀಪ್ನಿಯೋರು ನನ್ನ ಮುಖಕ್ಕೆ ಉಗೀತಿದಾರೆ."

"ಇನ್ನು ಸ್ವಲ್ಪ ದಿನ, ಕ್ರಿಸಾಂಟೊ. ಅವಳು ಈಚೆ ಬರೋವರೆಗೆ."

"ಆ ಮುದುಕ ಯಾರು ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಶಿಬಿರದ ಅಧಿಕಾರಿಗಳಿಗೂ ಓದಕ್ಕೆ ಬರುತ್ತೆ! ನನ್ನ ಮಕ್ಕಳನ್ನ ಯಾರು ಸಾಕ್ತಾರೆ? ನೀನಾ?" ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಮಾಂಗ್ ಸೆಬ್ಯೊ ಅವನ ಮೇಜಿನ ಮುಂದೆ ಮೊಣಕಾಲೂರಿದರು. ಕ್ರಿಸಾಂಟೊ ಕಿಟಕಿಯತ್ತ ತಿರುಗಿಕೊಂಡ.

ಅದೇ ವಾರ ಗೇಟಿನಲ್ಲಿ ಹೊಸ ಮುಖ ಕೂತಿತ್ತು. "ಬೊನೊವಾನಾ? ದಕ್ಷಿಣದ ಮಿಂಡನಾವೊ ದ್ವೀಪಕ್ಕೆ ಹಾಕಿದ್ರು, ಕಾಡಿಗೆ. ನೀವ್ಯಾರು? ನಡೀರಿ, ನಡೀರಿ."

ಕ್ರಿಸಾಂಟೊ ಕಥೆಯನ್ನು ಬೇರೊಬ್ಬ ಕಲಾವಿದನ ಕೈಗೆ ಕೊಟ್ಟ. ಹೊಸಬ ಒಂದೇ ಸಂಚಿಕೆಯಲ್ಲಿ ಸೂರ್ಯನನ್ನು ಸಿಡಿಸಿ, ಎರಡು ಗ್ರಹಗಳನ್ನೂ ಬೂದಿ ಮಾಡಿ ಕೈತೊಳೆದುಕೊಂಡ. ಸೆರೆಮನೆ ಸುಟ್ಟುಹೋಯಿತು, ಗೋಡೆಯ ಹೊರಗಿದ್ದ ಮುದುಕನೂ ಹೋದ. ನಾವು ಅದನ್ನು ಓದಿದ್ದು ಜೀಪ್ನಿಯಲ್ಲಿ ಕೂತು. ಮಾಂಗ್ ಸೆಬ್ಯೊ ಪುಟ ಮಡಚಿ ನನ್ನತ್ತ ತಿರುಗಿದರು.

"ಮೆಡಿಂಗ್, ಅವಳು ಇದನ್ನ ಓದ್ತಾಳೆ. ನಾನು ಸತ್ತೆ ಅಂದ್ಕೋತಾಳೆ."

ಶಿಬಿರದ ಎದುರಿನ ಫುಟ್‌ಪಾತಿನಲ್ಲಿ ಹಲಗೆ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಬರೆಯಲು ಕೂತರು. ಬೆಂಕಿಯೊಳಗಿಂದ ಪುಸಿತ್ ಈಜಿ ಬರುತ್ತಾಳೆ, ಅಪ್ಪ ಅವಳ ಕೈ ಹಿಡಿಯುತ್ತಾನೆ. ನಾನು ಪಕ್ಕದಲ್ಲೇ ಕೂತು ಮಸಿ ಎಳೆದೆ. ಪಾಳಿ ಬದಲಾದಾಗಲೆಲ್ಲ ಅವರು ಆ ಪುಟ ಹಿಡಿದು ಕಾವಲಿನವರ ಹಿಂದೆ ಓಡುತ್ತಿದ್ದರು. "ಒಳಗೆ ಬಿಸಾಕಿದ್ರೂ ಸಾಕಪ್ಪ, ಕಸದ ಜೊತೆಗಾದ್ರೂ." ಒಬ್ಬ ಅದರಲ್ಲಿ ಕಡಲೆಕಾಯಿ ಸಿಪ್ಪೆ ಸುತ್ತಿ ಎಸೆದ. ಇನ್ನೊಬ್ಬ ಬಂದೂಕಿನ ಹಿಡಿಯಿಂದ ಭುಜಕ್ಕೆ ತಿವಿದ. ಮಾಂಗ್ ಸೆಬ್ಯೊ ಮತ್ತೆ ಕೂತರು, ಅದೇ ಪುಟ ಮತ್ತೆ ಬರೆದರು. ಬೀದಿಯ ಹೆಂಗಸರು ತಿನ್ನಲು ಕೊಟ್ಟ ಪಂಡೆಸಾಲ್ ಬ್ರೆಡ್ಡು ಹಲಗೆಯ ಮೂಲೆಯಲ್ಲಿ ಒಣಗುತ್ತಿತ್ತು.

ಒಂದು ಮಧ್ಯಾಹ್ನ ಗೇಟು ತೆರೆದು ಬಿಡುಗಡೆಯಾದ ಹೆಂಗಸೊಬ್ಬಳು ಹೊರಬಂದಳು. ಲುರ್ದೆಸ್ ಅಂತ, ಶಾಲೆಯ ಮೇಡಂ. ಹಲಗೆಯ ಮೇಲಿನ ಚಿತ್ರ ಕಂಡು ನಿಂತುಬಿಟ್ಟಳು.

"ನೀವು ಪುಸಿತ್ ಅಪ್ಪನಾ?"

ಮಾಂಗ್ ಸೆಬ್ಯೊ ಸರಿದು ಅವಳಿಗೆ ಕೂರಲು ಜಾಗ ಬಿಟ್ಟರು. ನಾನೇ, "ಹೇಗಿದಾಳೆ?" ಅಂದೆ.

ಲುರ್ದೆಸ್ ನಮ್ಮ ಪಕ್ಕ ನೆಲದ ಮೇಲೇ ಕೂತಳು. ಪೆರ್ಲಿಟಾ ಆ ಪುಟಗಳನ್ನು ರವಿಕೆಯೊಳಗೆ ಮಡಚಿಟ್ಟುಕೊಳ್ಳುತ್ತಿದ್ದಳಂತೆ. ಎಲ್ಲರಿಗೂ ಓದಿ ಹೇಳುತ್ತಿದ್ದಳಂತೆ. "'ನಮ್ಮಪ್ಪಂಗೆ ಕೈ ಬೆರಳು ಬರೆಯಕ್ಕೇ ಬರಲ್ಲ, ಬದನೆಕಾಯಿ ಥರ ಬರೀತಾರೆ, ಇವನ್ನ ಮೆಡಿಂಗಕ್ಕ ತಿದ್ದಿರೋದು' ಅಂತ ನಗಾಡೋಳು." ಆಮೇಲೆ ಅವಳು ತಲೆ ತಗ್ಗಿಸಿದಳು. "ಅವಳನ್ನ ಸಾಗಿಸಿಬಿಟ್ರು. ಆ ಬೆಂಕಿ ಹತ್ತಿದ ಸಂಚಿಕೆ ಬರೋಕೆ ಮುಂಚೇನೇ. ಬೆಳಿಗ್ಗೆ ಕರೆದ್ರು, ಹೋದ್ಲು."

"ಎಲ್ಲಿಗೆ?"

"ಗೊತ್ತಿಲ್ಲ. ಯಾರಿಗೂ ಹೇಳಲಿಲ್ಲ."

ಮಾಂಗ್ ಸೆಬ್ಯೊ ಕೇಳಿದರು. "ಆವತ್ತು ಬೆಳಿಗ್ಗೆ ಉಂಡಿದ್ಲಾ?"

"ಉಂಡಿದ್ಲು. ತಟ್ಟೆ ಖಾಲಿ ಮಾಡಿದ್ಲು."

ಅವರು ತಲೆಯಾಡಿಸಿದರು. ಹಲಗೆ, ಪೆನ್ಸಿಲುಗಳನ್ನು ಚೀಲಕ್ಕೆ ತುಂಬಿಕೊಂಡರು.

ಲಗುನಾದ ಶಿಬಿರಕ್ಕೆ ಹೋದೆವು, ಪಂಪಂಗಾಗೆ ಹೋದೆವು. ಎಲ್ಲೂ ಆ ಹೆಸರಿನವಳಿರಲಿಲ್ಲ. ವರ್ಷಗಳು ಕಳೆದು ಸೈನಿಕ ಕಾನೂನು ಹೋಯಿತು, ಶಿಬಿರಗಳು ಖಾಲಿಯಾದವು. ಪೆರ್ಲಿಟಾ ಬರಲಿಲ್ಲ, ಅವಳ ಮೂಳೆಯೂ ಸಿಗಲಿಲ್ಲ. ನಾವು ಕೊನೆಗೆ ಹೋದದ್ದು ಉತ್ತರದ ತುದಿಯ ಒಂದು ಊರಿಗೆ, ಬಸ್ಸಿನಲ್ಲಿ. ಅಲ್ಲಿನ ಹಳೆಯ ಶಿಬಿರದ ಕಾವಲುಗಾರ ಕಾಮಿಕ್ಸ್ ಓದಿದವನೇ ಅಲ್ಲ. ಬಕುರೊ ಯಾರೆಂದು ಕೇಳಿದ. ಮಾಂಗ್ ಸೆಬ್ಯೊ ಅವನ ಪಕ್ಕದ ಕಲ್ಲಿನ ಮೇಲೆ ಕೂತು, ಎರಡು ಗ್ರಹಗಳಿದ್ದವು ಎಂದು ಮೊದಲಿನಿಂದ ಹೇಳತೊಡಗಿದರು.