ನೆನೆಹಾಕಿದ ಅಲಸಂದೆ

ಆ ಬೀದಿಯಲ್ಲಿ ಅವರನ್ನು ಎಲ್ಲರೂ ಜಪದಜ್ಜ ಎಂದೇ ಕರೆಯುತ್ತಿದ್ದರು. ಬೀದಿಯ ಕೊನೆಯಲ್ಲಿ, ಹಿಂದೆ ಎಣ್ಣೆಯ ಗಾಣವಿದ್ದ ಉದ್ದನೆಯ ಕಟ್ಟಡದಲ್ಲಿ, ಅವರ ಮನೆಯವರು ಬಿತ್ತನೆಯ ಕಾಳನ್ನು ನೆನೆಹಾಕಿ ಒಣಗಿಸಿ ಕೊಡುವ ಕೆಲಸ ನಡೆಸುತ್ತಿದ್ದರು. ಮಳೆ ಕೈಕೊಡತೊಡಗಿದ ವರ್ಷಗಳಲ್ಲಿ ಹುಟ್ಟಿಕೊಂಡ ಕೆಲಸ ಅದು. ಒಂದು ಮಳೆ ಬಿದ್ದು ನಿಂತರೆ ಮಣ್ಣಿನ ಹಸಿ ಯಾರಿಗಾಗಿಯೂ ಕಾಯುವುದಿಲ್ಲ. ಒಣ ಕಾಳನ್ನು ಹಾಗೆಯೇ ಬಿತ್ತಿದರೆ ಅದು ನೀರು ಕುಡಿದು ಕಣ್ಣು ಬಿಡುವಷ್ಟರಲ್ಲಿ ಮೇಲಿನ ಮಣ್ಣು ಬೂದಿಯಂತಾಗಿರುತ್ತದೆ. ಅದಕ್ಕೆಂದೇ ಕಾಳನ್ನು ಸಡಿಲ ಚೀಲಗಳಲ್ಲಿ ತುಂಬಿ ಸಂಜೆ ತೊಟ್ಟಿಯ ನೀರಿಗೆ ಹಾಕಿ, ನಸುಕಿನಲ್ಲಿ ತೆಗೆದು, ನೆರಳಿನಲ್ಲಿ ಮೊದಲಿನಂತೆಯೇ ಗಟ್ಟಿಯಾಗುವವರೆಗೆ ಒಣಗಿಸಿ ಕೊಡುತ್ತಿದ್ದರು. ಹೀಗೆ ಅರ್ಧ ಎಚ್ಚರಗೊಂಡು ಮತ್ತೆ ಮಲಗಿದ ಕಾಳು ಹೊಲಕ್ಕೆ ಬಿದ್ದಾಗ ಅಷ್ಟಿಷ್ಟು ಹಸಿಯಲ್ಲೇ ಎದ್ದು ನಿಲ್ಲುತ್ತದೆ. ಆದರೆ ನೀರಿನಲ್ಲಿ ಹೊತ್ತು ಮೀರಿದರೆ ಬೇರಿನ ತುದಿ ಸಿಪ್ಪೆಯೊಡೆದು ಹೊರಗೆ ಇಣುಕುತ್ತದೆ. ಇಣುಕಿದ್ದನ್ನು ಒಣಗಿಸಿದರೆ ಅದು ಸತ್ತಂತೆಯೇ. ಕೆಲಸದ ಗುಟ್ಟೆಲ್ಲ ಇಷ್ಟು: ಎಬ್ಬಿಸಬೇಕು, ಪೂರ್ತಿ ಎಬ್ಬಿಸಬಾರದು.

ಈ ಹೊತ್ತಿನ ಲೆಕ್ಕವನ್ನೆಲ್ಲ ನೋಡುತ್ತಿದ್ದವಳು ಅಜ್ಜನ ಹೆಂಡತಿ. ಗಡಿಯಾರವನ್ನು ಆಕೆ ನಂಬುತ್ತಿರಲಿಲ್ಲ. ನಸುಕಿನಲ್ಲಿ ತೊಟ್ಟಿಗೆ ಕೈ ಹಾಕಿ, ಒಂದು ಕಾಳನ್ನು ಎರಡು ಬೆರಳ ನಡುವೆ ಹೊರಳಿಸಿ, ಇನ್ನು ತೆಗೆಯಿರಿ ಎನ್ನುವಳು. ಅಜ್ಜ ಆ ಹೊತ್ತಿಗೆ ಒಳಕೋಣೆಯ ಚಾಪೆಯ ಮೇಲೆ ಮಣಿಸರ ಹಿಡಿದು ಕುಳಿತಿರುವರು. ಗಂಡ ದೇವರನ್ನು ನೆನೆಯುವುದೂ ಕಾಳು ನೀರಿನಲ್ಲಿ ನೆನೆಯುವುದೂ ಆಕೆಯ ಬಾಯಲ್ಲಿ ಒಂದೇ ಆಗಿತ್ತು. ಬೆಳಿಗ್ಗೆ ಯಾರಾದರೂ ಬಾಗಿಲಿಗೆ ಬಂದರೆ, ಒಳಗೆ ಎರಡು ನೆನೆಯುತ್ತಿವೆ, ಒಂದು ತೊಟ್ಟಿಯಲ್ಲಿ, ಒಂದು ಚಾಪೆಯ ಮೇಲೆ, ನಿಮಗೆ ಯಾವುದು ಬೇಕು ಎಂದು ಕೇಳುವಳು. ಜನ ನಗುವರು. ಅಜ್ಜನಿಗೂ ಒಳಗೊಳಗೇ ನಗು ಬರುತ್ತಿತ್ತು. ಹೀಗಾಗಿ ಆ ಮನೆಯಲ್ಲಿ ಜಪಕ್ಕೆ ಹೆಸರೇ ನೆನೆಯುವುದು ಎಂದಾಗಿಹೋಗಿತ್ತು.

ಹಿಂದಿನ ಸುಗ್ಗಿ ಮುಗಿದ ಮೇಲೆ ಆಕೆ ಕೆಮ್ಮುತ್ತ ಕೆಮ್ಮುತ್ತ ತೀರಿಕೊಂಡಳು. ತೊಟ್ಟಿಯ ಕೆಲಸ ಸೊಸೆಯ ಕೈಗೆ ಬಂತು. ಅವಳು ಚುರುಕಿನ ಹೆಂಗಸು, ಆದರೆ ಅತ್ತೆ ಬದುಕಿರುವಾಗ ಒಂದು ಕಾಳೂ ಕೆಟ್ಟಿರಲಿಲ್ಲವಾದ್ದರಿಂದ, ಕೆಟ್ಟ ಕಾಳು ಹೇಗಿರುತ್ತದೆ ಎಂಬುದನ್ನು ಅವಳು ನೋಡಿಯೇ ಇರಲಿಲ್ಲ. ಸಂದೇಹ ಬಂದಾಗ ಮಾವನನ್ನು ಕೇಳುವಳು. ಅಜ್ಜ ಎಂದಿನಂತೆ ನಸುಕಿಗೇ ಎದ್ದು ಚಾಪೆಯ ಮೇಲೆ ಕೂರುವರು. ಹೆಂಡತಿ ಸತ್ತರೂ ನೇಮ ತಪ್ಪಲಿಲ್ಲ ನೋಡಿ ಎಂದು ಬೀದಿಯವರು ಮಾತಾಡಿಕೊಳ್ಳುವರು.

ಆ ಬೆಳಿಗ್ಗೆ ತೊಟ್ಟಿಯಲ್ಲಿ ಇದ್ದದ್ದು ಬಾವಿ ತೋಡುವವನ ಅಲಸಂದೆ. ಅವನಿಗೆ ಬೀದಿಯಾಚೆ ಒಂದು ತುಂಡು ಹೊಲವಿತ್ತು. ಮಳೆ ಬರುವ ಸೂಚನೆ ಇದೆಯೆಂದು ಅವಸರದಲ್ಲಿ ತಂದು ಹಾಕಿಹೋಗಿದ್ದ. ಸೊಸೆಗೆ ಬೇರೆ ಊರಿಗೆ ಒಣಗಿದ ಕಾಳು ಮುಟ್ಟಿಸಲು ಹೊರಡಬೇಕಿತ್ತು. ಗಂಡ ಆಗಲೇ ಗಾಡಿ ಹೂಡಿ ನಿಂತಿದ್ದ. ಅವಳು ಒಳಕೋಣೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು:

"ಮಾವ, ಇನ್ನೂ ನೆನೀಬೇಕಾ?"

ಅಜ್ಜ ಕಣ್ಣು ತೆರೆಯದೆ ಹೇಳಿದರು: "ಇನ್ನೊಂಚೂರು ಹೊತ್ತು. ನಾನೇ ಏಳ್ತೀನಿ, ನೀನು ಹೋಗಮ್ಮ."

ಅವಳು ಕೇಳಿದ್ದು ಕಾಳಿನ ವಿಷಯ. ಅವರು ತಿಳಿದದ್ದು ತಮ್ಮ ಜಪದ ವಿಷಯ. ಮಾವನೇ ಎದ್ದು ಕಾಳು ತೆಗೆಯುತ್ತಾರೆ ಎಂದು ಅವಳು ನಿಶ್ಚಿಂತೆಯಿಂದ ಗಾಡಿ ಹತ್ತಿದಳು. ಅವರು ಕುಳಿತೇ ಇದ್ದರು. ಬಿಸಿಲು ಕಿಟಕಿಯಿಂದ ಇಳಿದು ಚಾಪೆಯನ್ನು ದಾಟಿ ಆಚೆಯ ಗೋಡೆಗೆ ಹೋಯಿತು.

ಮಧ್ಯಾಹ್ನ ಇಳಿಯುವಾಗ ಸೊಸೆ ಬಂದು ನೋಡಿದರೆ ಕಾಳು ಇನ್ನೂ ನೀರಿನಲ್ಲೇ ಇತ್ತು. ನೀರು ಹುಳಿ ವಾಸನೆ ಹೊಡೆಯುತ್ತಿತ್ತು. ಅವಳು ಚೀಲಗಳನ್ನು ಎತ್ತಿ ಎತ್ತಿ ಹೊರಗೆ ಹಾಕುತ್ತಿರುವಾಗ ಅಜ್ಜ ಸದ್ದು ಕೇಳಿ ಎದ್ದು ಬಂದರು. ತೊಟ್ಟಿಯನ್ನು ನೋಡಿದ ಕೂಡಲೇ ಅವರಿಗೆ ಬೆಳಗಿನ ಪ್ರಶ್ನೆಯ ಅರ್ಥ ಹೊಳೆಯಿತು. ಸುಕ್ಕುಗಟ್ಟಿದ ಸಿಪ್ಪೆಗಳ ನಡುವೆ ಅಲ್ಲಲ್ಲಿ ಬಿಳಿಯ ತುದಿಗಳು ಅಕ್ಕಿಯ ನುಚ್ಚಿನಂತೆ ಕಾಣುತ್ತಿದ್ದವು. ಮಾವ, ಇದು ಕೆಟ್ಟುಹೋಯಿತೇ ಎಂದು ಅವಳು ಕೇಳಿದಳು. ಇಲ್ಲ, ಅಷ್ಟಕ್ಕೆಲ್ಲ ಕೆಡುವುದಿಲ್ಲ, ಹರಡು ಎಂದರು.

ಹೀಗೆ ಹೇಳುವಾಗ ಅವರ ನಾಲಿಗೆ ಸ್ವಲ್ಪವೂ ತೊದಲಲಿಲ್ಲ. ಅವರನ್ನು ಆಮೇಲೆ ಹೆಚ್ಚು ನೋಯಿಸಿದ್ದು ಇದೇ. ಬಲೆ ಹಾಸಿದ ಚೌಕಟ್ಟುಗಳ ಮೇಲೆ ಕಾಳು ಒಣಗುತ್ತಿರುವಾಗ ಅವರು ಯಾರೂ ಇಲ್ಲದ ಹೊತ್ತು ನೋಡಿ ಒಳಗೆ ಹೋಗಿ, ಇಣುಕಿದ ತುದಿಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ತಿಕ್ಕಿ ಉದುರಿಸಿದರು. ಫ್ಯಾನಿನ ಗಾಳಿಗೆ ಅವು ಹೊಟ್ಟಿನ ಜೊತೆ ಹಾರಿಹೋದವು. ಒಣಗಿದ ಮೇಲೆ ಕಾಳು ಎಲ್ಲ ಕಾಳಿನಂತೆಯೇ ಕಂಡಿತು. ಕಚ್ಚಿದರೆ ಕಟಕ್ಕೆಂದಿತು. ಬಾವಿಯವನು ಸಂತೋಷದಿಂದ ಹೊತ್ತುಕೊಂಡು ಹೋದ.

ಮಳೆ ಬಂತು, ಒಂದೇ ಮಳೆ. ಸುತ್ತಲಿನ ಹೊಲಗಳಲ್ಲಿ ಅಲಸಂದೆ ಸಾಲುಹಿಡಿದು ಎದ್ದಿತು. ಬಾವಿಯವನ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಕುಂಟು ಸಸಿಯ ಹೊರತು ಏನೂ ಬರಲಿಲ್ಲ. ಅವನು ಸಾಲನ್ನು ಕೆದಕಿ, ಕೊಳೆತ ಕಾಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದು, ಒಣಗಿಸುವ ಕೋಣೆಯ ಮೇಜಿನ ಮೇಲೆ ಸುರಿದ. ಸೊಸೆಯ ಕಡೆ ನೋಡಿ ಹೇಳಿದ:

"ನಾನು ತೋಡಿದ ಬಾವೀಲಿ ನೀರು ಬರದೇ ಇದ್ರೆ, ಅದೇ ಗುಂಡೀಲಿ ನನ್ನನ್ನೇ ಹಾಕಿ ಮುಚ್ತೀವಿ ಅಂತಾರೆ ಜನ. ನಿನ್ನ ಎಲ್ಲಿ ಮುಚ್ಚೋಣ ಹೇಳು ತಾಯಿ."

ಆಮೇಲೆ ಅಜ್ಜ ಬಾಗಿಲಲ್ಲಿ ನಿಂತಿರುವುದನ್ನು ಕಂಡು ದನಿ ತಗ್ಗಿಸಿದ. ನಿಮಗೆ ಹೇಳಿದ್ದಲ್ಲ ಅಜ್ಜ, ನೀವು ನಿಮ್ಮ ಪಾಡಿಗೆ ದೇವರ ಧ್ಯಾನದಲ್ಲಿ ಇರುವವರು ಎಂದ. ಅಜ್ಜ ತಲೆ ತಗ್ಗಿಸಿ ಒಳಗೆ ಹೋದರು. ಇದನ್ನು ಅವನು ದೊಡ್ಡತನವೆಂದೇ ತಿಳಿದ.

ಮಾತು ಬೀದಿಯ ತುಂಬ ಹರಡಿತು. ಅತ್ತೆ ಇದ್ದಾಗ ಹೀಗಾಗಿರಲಿಲ್ಲ ಎಂದು ನೀರಿನ ನಲ್ಲಿಯ ಹತ್ತಿರ ಅಂದರು. ಅವಳಿಗೆ ಕೆಲಸಕ್ಕಿಂತ ಗಾಡಿಯ ಮೇಲೆ ಕೂತು ಊರು ಸುತ್ತುವುದೇ ಹೆಚ್ಚು ಎಂದು ದರ್ಜಿಯಂಗಡಿಯಲ್ಲಿ ಅಂದರು. ಇಬ್ಬರು ತಮ್ಮ ಕಾಳನ್ನು ನೆನೆಹಾಕುವ ಮೊದಲೇ ವಾಪಸು ಒಯ್ದರು. ಮಗ ಕೆಟ್ಟವನಲ್ಲ, ಆದರೆ ಹೆದರಿದ್ದ. ಸ್ವಲ್ಪ ದಿನ ತೊಟ್ಟಿಯ ಹತ್ತಿರ ಬರಬೇಡ, ನಾನು ಒಬ್ಬ ಆಳನ್ನು ಇಟ್ಟುಕೊಳ್ಳುತ್ತೇನೆ ಎಂದು ಹೆಂಡತಿಗೆ ಹೇಳಿದ. ಅವಳು ಸೊಂಟಕ್ಕೆ ಸಿಕ್ಕಿಸಿದ್ದ ತೊಟ್ಟಿಯಿರುವ ಕೋಣೆಯ ಬೀಗದ ಕೈಯನ್ನು ಮೊಳೆಗೆ ತೂಗುಹಾಕಿ ಅಡುಗೆಮನೆಗೆ ಹೋದಳು. ಆ ಕೆಲಸವನ್ನು ಅವಳು ಎಷ್ಟು ಹಚ್ಚಿಕೊಂಡಿದ್ದಳು ಎಂಬುದು ಅಜ್ಜನಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಅತ್ತೆಯ ಹಿಂದೆ ಹಿಂದೆಯೇ ತಿರುಗಿ, ಕೈಯನ್ನು ನೀರಿನಲ್ಲಿ ಅದ್ದಿ ಅದ್ದಿ ಕಲಿತದ್ದನ್ನು ಅವರೇ ನೋಡಿದ್ದರು.

ರಾತ್ರಿ ಸೊಸೆ ಊಟಕ್ಕೆ ಬಡಿಸುವಾಗ ಅಜ್ಜ ತಟ್ಟೆಯ ಕಡೆ ನೋಡುತ್ತ, ಅವತ್ತು ನೀನು ನನ್ನನ್ನು ಕೇಳಿ ಹೋದದ್ದನ್ನು ಗಂಡನಿಗೆ ಯಾಕೆ ಹೇಳಲಿಲ್ಲ ಎಂದು ವಿಚಾರಿಸಿದರು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ.

"ಕೇಳಿದ್ದೇ ನನ್ನ ತಪ್ಪು ಮಾವ. ನೀವು ದೇವರ ಹತ್ರ ಇದ್ರಿ. ಆಗ ಬಂದು ಕಾಳಿನ ಮಾತು ಎತ್ತಬಾರದಿತ್ತು."

ಅಜ್ಜ ಊಟ ಬಿಟ್ಟು ಎದ್ದರು.

ಅವರು ದೇವರ ಹತ್ತಿರ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಒಂದು ದಿನವೂ ಜಪ ಕೂಡಿಬಂದಿರಲಿಲ್ಲ. ಮಣಿಗಳು ಬೆರಳಲ್ಲಿ ಉರುಳುತ್ತಿದ್ದವು, ನಾಮ ಬರುತ್ತಿರಲಿಲ್ಲ. ನಾಮದ ಜಾಗದಲ್ಲಿ ಆಕೆಯ ಕೆಮ್ಮು ಕೇಳಿಸುತ್ತಿತ್ತು. ಅಷ್ಟು ವರ್ಷ ಕೂಡಿ ಬದುಕಿದ ಹೆಂಗಸಿನ ನಗು, ಬೈಗುಳ, ಕರೆಯುವ ದನಿ, ಇದೊಂದೂ ನೆನಪಿಗೆ ಸಿಗದೆ ಕೆಮ್ಮು ಮಾತ್ರ ಉಳಿದಿತ್ತು. ಒಂದು ಸಲವಾದರೂ ಆ ದನಿ ಕೇಳಲಿ ಎಂದು ಅವರು ಗಂಟೆಗಟ್ಟಲೆ ಕಾಯುತ್ತ ಕೂರುವರು. ದೇವರ ಮೇಲೆ ಸಿಟ್ಟು ಬರುವುದು. ಆ ಸಿಟ್ಟನ್ನು ಹೇಳಿಕೊಳ್ಳಲೂ ದೇವರ ಹೊರತು ಯಾರೂ ಇರಲಿಲ್ಲ. ಹೊರಗಿನವರು ಮುಚ್ಚಿದ ಕಣ್ಣನ್ನು ನೋಡಿ ಕೈ ಮುಗಿದು ಹೋಗುವರು. ಆ ನಮಸ್ಕಾರವನ್ನೂ ಅವರು ಬೇಡವೆನ್ನದೆ ತೆಗೆದುಕೊಂಡಿದ್ದರು. ಈಗ ಸೊಸೆಯೂ ಅದನ್ನೇ ಕೊಡುತ್ತಿದ್ದಳು, ತನ್ನ ಮೈಮೇಲಿನ ಕೆಸರನ್ನು ಒರೆಸಿಕೊಳ್ಳದೆ.

ಮರುದಿನ ಬೆಳಿಗ್ಗೆ ಬಾವಿಯವನು ತನ್ನ ಹೊಲದ ಗತಿ ಏನು ಎಂದು ಕೇಳಲು ಬಂದಾಗ ಅಜ್ಜ ಚಾಪೆಯ ಮೇಲೆ ಇರಲಿಲ್ಲ. ಒಣಗಿಸುವ ಕೋಣೆಯ ಮೂಲೆಯಲ್ಲಿ, ಚೀಲದ ತಳದಲ್ಲಿ ಉಳಿದಿದ್ದ ಅದೇ ಅಲಸಂದೆಯ ಒಂದು ಹಿಡಿಯನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದರು. ಮಗನನ್ನು ಕರೆದರು. ಸೊಸೆಯನ್ನೂ ಕರೆದರು. ತಪ್ಪು ಅವಳದಲ್ಲ, ತನ್ನದು ಎಂದು ನೇರವಾಗಿ ಹೇಳಿದರು.

ಬಾವಿಯವನು ನಂಬಲಿಲ್ಲ. ಅವನು ಮಗನ ಕಡೆ ತಿರುಗಿ, ಅಪ್ಪ ಅಂದರೆ ಹೀಗಿರಬೇಕು, ಮನೆಯ ಹೆಣ್ಣುಮಗಳ ಮಾನ ಉಳಿಸುವುದಕ್ಕೆ ತಮ್ಮ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಾರೆ ಎಂದು ಕಣ್ಣು ಒದ್ದೆ ಮಾಡಿಕೊಂಡ. ಮಗನೂ ತಲೆಯಾಡಿಸಿದ. ಅಜ್ಜನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನಿಜ ಹೇಳಿದರೂ ಅದು ತನ್ನ ಹೆಸರಿಗೇ ಜಮೆಯಾಗುತ್ತಿತ್ತು. ಹೀಗೆಯೇ ಬಿಟ್ಟರೆ ಹೇಳಿದ ಹಾಗೂ ಆಯಿತು, ಮರ್ಯಾದೆ ಉಳಿದ ಹಾಗೂ ಆಯಿತು ಎಂದು ಮನಸ್ಸು ಒಂದು ಗಳಿಗೆ ಅತ್ತ ಜಾರಿತು.

ಅವರು ಚಾಕು ತೆಗೆದು ಒಂದು ಕಾಳನ್ನು ಸೀಳಿದರು. ಎರಡು ಬೇಳೆಗಳ ನಡುವೆ, ಬೇರು ಇರಬೇಕಾದಲ್ಲಿ, ಮುರಿದ ಕಂದು ಮೋಟು ಇತ್ತು. ಅದನ್ನು ಬಾವಿಯವನ ಅಂಗೈಗೆ ಹಾಕಿದರು.

"ತುದಿ ಇಲ್ಲ ನೋಡು. ಮುರಿದವನು ನಾನು. ಮೊಳಕೆ ಬಂದದ್ದು ಕಂಡು, ಯಾರಿಗೂ ಗೊತ್ತಾಗಬಾರದು ಅಂತ ಈ ಹೆಬ್ಬೆರಳಲ್ಲಿ ತಿಕ್ಕಿದೆ. ಇವಳು ಕೆಟ್ಟಿತಾ ಅಂತ ಕೇಳಿದಳು. ಇಲ್ಲ ಅಂದೆ."

ಬಾವಿಯವನು ಅಂಗೈ ನೋಡಿಕೊಂಡ. ಅವನ ಮುಖದಲ್ಲಿದ್ದ ಭಕ್ತಿ ಮೆಲ್ಲಗೆ ಇಳಿಯಿತು. ಆದರೂ ಅಜ್ಜನನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ. ಜಪದಲ್ಲಿ ಮೈಮರೆತು ಹೊತ್ತು ಮೀರಿತು, ದೇವರ ಕೆಲಸದಲ್ಲಿ ಇದ್ದಾಗ ಆದ ತಪ್ಪಲ್ಲವೇ ಎಂದ.

"ಜಪ ಮಾಡ್ತಿರಲಿಲ್ಲಪ್ಪ. ಸುಮ್ಮನೆ ಕೂತಿದ್ದೆ. ನನ್ನ ಹೆಂಡತಿ ಹೋದ ಮೇಲೆ ಒಂದು ದಿನವೂ ಮಾಡಿಲ್ಲ. ನೀವೆಲ್ಲ ಕೈ ಮುಗಿದಿದ್ದು ಖಾಲಿ ಕೂತವನಿಗೆ."

ಮಗ ನೆಲ ನೋಡುತ್ತಿದ್ದ. ತಂದೆಯ ಮುಖ ನೋಡಲು ನಾಚಿಕೆಯೋ, ಹೆಂಡತಿಯ ಮುಖ ನೋಡಲು ನಾಚಿಕೆಯೋ ಹೇಳುವಂತಿರಲಿಲ್ಲ. ಸೊಸೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಬಾವಿಯವನು ಅಜ್ಜನನ್ನು ಬಿಟ್ಟು ಸೊಸೆಯ ಕಡೆ ತಿರುಗಿದ.

"ಈಗೇನು ಮಾಡೋದು ತಂಗಿ? ಇನ್ನೂ ಏನಾದ್ರೂ ದಾರಿ ಇದೆಯಾ?"

ಅವಳು ಯೋಚಿಸಿ, ನಾಲ್ಕು ಬೆರಳು ಆಳದಲ್ಲಿ ಹಸಿ ಉಳಿದಿದೆಯೇ ಎಂದು ಕೇಳಿದಳು. ನಿನ್ನೆ ಮತ್ತೆ ಕೆದಕಿದಾಗ ತಣ್ಣಗಿತ್ತು ಎಂದ. ಹಾಗಾದರೆ ಮನೆಯ ಸ್ವಂತ ಬೀಜದ ಅಲಸಂದೆಯನ್ನು ಈ ಸಂಜೆಯೇ ನೀರಿಗೆ ಹಾಕುತ್ತೇನೆ, ಬೆಳಿಗ್ಗೆ ಮೇಲಿನ ನೀರು ಆರಿದ ಕೂಡಲೇ ಹಾಗೆಯೇ ಒಯ್ದು ಸ್ವಲ್ಪ ಆಳಕ್ಕೆ ಬಿತ್ತಿಬಿಡಿ, ಪೂರ್ತಿ ಒಣಗಿಸಲು ಸಮಯವಿಲ್ಲ, ಎಲ್ಲ ಏಳುತ್ತದೆ ಎಂದು ಮಾತು ಕೊಡಲಾರೆ ಎಂದಳು. ಅಷ್ಟಾದರೂ ಆಗಲಿ ಎಂದ ಅವನು. ಹೊರಡುವವನಂತೆ ಬಾಗಿಲವರೆಗೆ ಹೋಗಿ ನಿಂತು, ಸಂಕೋಚದಿಂದ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ:

"ನೀನೇ ತೆಗೀಬೇಕು ತಂಗಿ. ಅವರ ಕೈಗೆ ಬಿಡಬೇಡ."

ಆಗಲಿ ಎಂದಳು ಅವಳು. ಮಾವನ ಎದುರಿಗೇ ಅಂದಳು. ಆ ಮಾತು ಅವಳಿಗೆ ಸುಲಭವಾಗಿರಲಿಲ್ಲ. ಅಜ್ಜನಿಗೆ ಅದು ನ್ಯಾಯವೆಂದು ತೋರಿತು. ನ್ಯಾಯವೆಂದು ತೋರಿದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ. ಅವರು ಎಲ್ಲಿ ನಿಲ್ಲಬೇಕು ಎಂದು ತಿಳಿಯದೆ ಗೋಡೆಯ ಪಕ್ಕಕ್ಕೆ ಸರಿದರು.

ಮಗ ಮೊಳೆಯಿಂದ ಬೀಗದ ಕೈ ತೆಗೆದು ಹೆಂಡತಿಗೆ ಕೊಟ್ಟ. ಅವಳು ಒಳಗಿನಿಂದ ಬೀಜದ ಡಬ್ಬ ತಂದಳು. ಅದನ್ನು ಚೀಲಕ್ಕೆ ಸುರಿಯಲು ಇನ್ನೊಂದು ಜೊತೆ ಕೈ ಬೇಕಿತ್ತು. ಮಗ ಗಾಡಿಯ ಕಡೆ ಹೋಗಿದ್ದ. ಅವಳು ಸುತ್ತ ನೋಡಿ, ಗೋಡೆಯ ಪಕ್ಕ ನಿಂತವರಿಗೆ ಹೇಳಿದಳು:

"ಮಾವ, ಚೀಲದ ಬಾಯಿ ಅಗಲವಾಗಿ ಹಿಡ್ಕೊಳ್ಳಿ. ಚೆಲ್ಲಬಾರದು."

ಅಜ್ಜ ಬಂದು ಕುಕ್ಕರಗಾಲಲ್ಲಿ ಕುಳಿತು ಹಿಡಿದರು. ಕಾಳು ಸುರಿಯತೊಡಗಿತು. ಬಾವಿಯವನು ಇನ್ನೂ ಹೊಸ್ತಿಲಲ್ಲೇ ನಿಂತಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದ ಆಳಿನ ಕೈಯನ್ನು ನೋಡುವಂತೆ ಅವನು ಅವರ ಕೈಯನ್ನೇ ನೋಡುತ್ತಿದ್ದ. ಡಬ್ಬ ಖಾಲಿಯಾಗುವವರೆಗೂ ಅಜ್ಜ ತಲೆ ಎತ್ತಲಿಲ್ಲ.