ತುತ್ತು ಎಣಿಸುವವಳು

ನಮ್ಮದು ಅಂತ ಒಂದು ಮನೆಯಾದ ಮೇಲೆ ಯಾರ ತುತ್ತನ್ನೂ ಎಣಿಸುವುದಿಲ್ಲ ಎಂದು ಅಕ್ಕನಿಗೆ ಮಾತು ಕೊಟ್ಟಾಗ ನನಗೆ ಒಂಬತ್ತು ವರ್ಷ, ಅವಳಿಗೆ ಹನ್ನೆರಡು. ಅಮ್ಮ ತೀರಿಕೊಂಡ ಮೇಲೆ ನಾಲ್ಕು ವರ್ಷ ನಾವಿಬ್ಬರೂ ಸೋದರತ್ತೆಯ ಮನೆಯಲ್ಲಿದ್ದೆವು. ಅತ್ತೆ ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಎಣಿಸುತ್ತಿದ್ದರು, ಅಷ್ಟೆ. ಬ್ರೆಡ್ಡಿನ ತುಂಡಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ, "ಇದು ಮೂರನೇದು" ಎನ್ನುತ್ತಿದ್ದರು. ಕೈ ತಾನಾಗಿ ಹಿಂದಕ್ಕೆ ಬರುತ್ತಿತ್ತು. ಒಂದು ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕೂತು ಅಕ್ಕ, "ದೊಡ್ಡೋರಾದ್ಮೇಲೆ ನಾವು ಹೀಗೆ ಮಾಡಬಾರ್ದು ಕಣೆ, ಆಣೆ ಮಾಡು" ಎಂದಳು. ಮಾಡಿದೆ. ಅವಳೂ ಮಾಡಿದಳು.

ಮೂವತ್ತು ವರ್ಷ ಆ ಮಾತು ನನಗೆ ಭಾರ ಅನ್ನಿಸಲೇ ಇಲ್ಲ. ನನ್ನ ಮನೆಯಲ್ಲಿ ಪಾತ್ರೆ ಮೇಜಿನ ನಡುವೆ ಇರುತ್ತದೆ, ಬೇಕಾದವರು ಬೇಕಾದಷ್ಟು ಬಡಿಸಿಕೊಳ್ಳುತ್ತಾರೆ, ನಾನು ಅತ್ತ ನೋಡುವುದಿಲ್ಲ. ನೋಡದೇ ಇರುವುದೇ ಪ್ರೀತಿ ಎಂದುಕೊಂಡಿದ್ದೆ. ಹಾಗಾಗಿ ಮಗಳು ತಿನ್ನುವುದನ್ನು ಬಿಟ್ಟದ್ದು ನನಗೆ ಗೊತ್ತಾಗಲಿಲ್ಲ. ಹದಿನೈದರ ಹುಡುಗಿ ಶಾಲೆಯ ಅಂಗಳದಲ್ಲಿ ಕಣ್ಣು ಕತ್ತಲೆ ಬಂದು ಕುಸಿದ ದಿನ, ಟೀಚರು ಫೋನ್ ಮಾಡಿ, "ಮಧ್ಯಾಹ್ನದ ಡಬ್ಬಿ ದಿನಾ ಹಾಗೇ ವಾಪಸ್ ತಗೊಂಡ್ ಹೋಗ್ತಾಳೆ, ನಿಮಗೆ ಗೊತ್ತಿರಬೇಕಲ್ಲ" ಎಂದರು. ಗೊತ್ತಿರಲಿಲ್ಲ. ಡಬ್ಬಿ ಖಾಲಿಯಾಗಿ, ತೊಳೆದೇ ಮನೆಗೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. "ಮೂರು ವಾರ ಟೈಮ್ ಕೊಡ್ತೀನಿ. ಇವತ್ತಿಗಿಂತ ಅರ್ಧ ಕೇಜಿ ಆದ್ರೂ ಏರಿರಬೇಕು. ಇಲ್ದಿದ್ರೆ ವಾರ್ಡಿಗೆ ಸೇರಿಸ್ಕೋತೀವಿ. ಎಷ್ಟು ತಿಂಗಳು ಅಂತ ಕೇಳ್ಬೇಡಿ, ನನಗೂ ಗೊತ್ತಿಲ್ಲ." ಪಕ್ಕದ ಕೋಣೆಯಲ್ಲಿ ಡಯಟೀಷಿಯನ್, ನನಗಿಂತ ಹತ್ತು ವರ್ಷ ಚಿಕ್ಕವಳು, ಏನೇನು ತಿನ್ನಿಸಬೇಕೆಂಬ ಒಂದು ಹಾಳೆ ಕೊಟ್ಟಳು.

"ದಿನಕ್ಕೆ ಎಷ್ಟು ಕ್ಯಾಲೊರಿ ಒಳಗೆ ಹೋಯ್ತು ಅಂತ ನಮಗೆ ಗೊತ್ತಾಗ್ಬೇಕು ಅಮ್ಮಾ. ಹೇಗೆ ಅನ್ನೋದು ನಿಮಗೆ ಬಿಟ್ಟಿದ್ದು. ಫೋನಲ್ಲಿ ಆ್ಯಪ್ ಇದೆ. ಪುಸ್ತಕದಲ್ಲಿ ಬರೀಬಹುದು. ತಟ್ಟೆ ಫೋಟೋ ತೆಗೀಬಹುದು. ತೂಕ ಮಾಡಬಹುದು. ನಿಮ್ಮ ಕೆಲಸ, ನಿಮ್ಮ ಹೊತ್ತು ನೋಡ್ಕೊಂಡು ಯಾವುದು ಹೊಂದುತ್ತೋ ಅದನ್ನ ಹಿಡೀರಿ. ಆದ್ರೆ ಎಣಿಸೋರು ನೀವಾಗಿರಿ. ಅವಳ ಕೈಗೆ ಕೊಡ್ಬೇಡಿ."

ಕೊನೆಯ ಮಾತು ನನಗೆ ಕೇಳಿಸಿತ್ತು. ಕೇಳಿಸದವಳ ಹಾಗೆ ಎದ್ದು ಬಂದೆ.

ನನ್ನ ಕೆಲಸ ಒಣಹಣ್ಣು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ. ಬೆಳಿಗ್ಗೆ ಆರಕ್ಕೆ ಗೇಟಿನೊಳಗೆ ಇರಬೇಕು, ಫೋನು ಲಾಕರಿನಲ್ಲಿ. ನನ್ನವರು ಲಾರಿ ಓಡಿಸುತ್ತಾರೆ, ವಾರದಲ್ಲಿ ಐದು ದಿನ ರಸ್ತೆಯ ಮೇಲೆ. ಇದರಲ್ಲಿ ನಾನು ಎಲ್ಲಿ ನಿಂತು ಏನು ಎಣಿಸಲಿ ಎಂದು ನನಗೆ ನಾನೇ ಹೇಳಿಕೊಂಡೆ. ಆ್ಯಪನ್ನು ಮಗಳ ಫೋನಿಗೆ ಹಾಕಿಕೊಟ್ಟೆ. ಅವಳು ತಿಂದದ್ದನ್ನು ಅವಳೇ ಬರೆದುಕೊಂಡರೆ ನಾನು ಎಣಿಸಿದ ಹಾಗಾಗುವುದಿಲ್ಲವಲ್ಲ. ಆಣೆಯೂ ಉಳಿಯುತ್ತದೆ, ಮಗಳೂ ಉಳಿಯುತ್ತಾಳೆ.

ಇವರು ದಾರಿಯಿಂದ ಫೋನ್ ಮಾಡಿ, "ಏನಮ್ಮಾ, ನಿನ್ನ ಫೋನು ಊಟ ಮಾಡ್ತಂತೆ? ಅದರ ತೂಕ ಎಷ್ಟು ಏರಿದೆ?" ಎಂದು ಮಗಳನ್ನು ರೇಗಿಸಿದರು. ಅವಳು ನಕ್ಕಳು. ಅವಳು ನಕ್ಕಿದ್ದಕ್ಕೆ ನನಗೆ ಎರಡು ದಿನ ನಿದ್ದೆ ಬಂತು.

ದಿನದ ಲೆಕ್ಕ ಪೂರ್ತಿಯಾಯಿತೆಂದು ಆ್ಯಪಿನಲ್ಲಿ ದಿನವೂ ಹಸಿರು ಗೀಟು ತುಂಬಿರುತ್ತಿತ್ತು. ವಾರದ ಕೊನೆಗೆ ಆಸ್ಪತ್ರೆಯ ತಕ್ಕಡಿ ಮುನ್ನೂರು ಗ್ರಾಂ ಇಳಿದಿದೆ ಎಂದಿತು.

ಡಯಟೀಷಿಯನ್ ಫೋನು ನೋಡಿ, "ಇದನ್ನ ತುಂಬಿಸಿದ್ದು ಯಾರು?" ಎಂದಳು.

ನಾನು ಮಗಳ ಕಡೆ ನೋಡಿದೆ. ಮಗಳು ತನ್ನ ಬೂಟಿನ ಕಡೆ ನೋಡಿದಳು.

"ನಾನು ಆವತ್ತೇ ಹೇಳಿದ್ದೆ" ಎಂದಳು ಡಯಟೀಷಿಯನ್, ನನಗೆ ಮಾತ್ರ ಕೇಳುವಂತೆ. ಆ್ಯಪನ್ನು ಅಲ್ಲೇ ತೆಗೆಸಿದಳು.

ಆಮೇಲಿನ ದಿನಗಳು ನಿಂತಲ್ಲಿ ನಿಲ್ಲಲಾಗದ ದಿನಗಳು. ರಜೆಯ ಒಂದು ಬೆಳಿಗ್ಗೆ ತಟ್ಟೆಯ ಫೋಟೋ ತೆಗೆಯಲು ಹೋದೆ. ಮಗಳು ಅಂಗೈ ಅಡ್ಡ ಇಟ್ಟಳು, ಮುಖಕ್ಕೆ ಯಾರೋ ಕ್ಯಾಮೆರಾ ಹಿಡಿದ ಹಾಗೆ. ಅಡುಗೆಮನೆಯ ತಕ್ಕಡಿಯೊಂದನ್ನು ಕೊಂಡು ತಂದು, ಪೆಟ್ಟಿಗೆ ಬಿಚ್ಚದೆ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋದೆ. ಮನೆಗೆ ಬಂದರೆ ಕಸ ಗುಡಿಸಿದ ಕೋಣೆಯನ್ನೇ ಮತ್ತೆ ಗುಡಿಸುತ್ತಿದ್ದೆ, ಕಣ್ಣು ಮೇಜಿನ ಕಡೆಗೇ ಹೋಗುತ್ತಿತ್ತು, ಕೂಡಲೇ ತಿರುಗಿಸಿಕೊಳ್ಳುತ್ತಿದ್ದೆ. ಎರಡನೇ ವಾರ ಅರ್ಧ ಕಳೆಯಿತು.

ಕಾರ್ಖಾನೆಯಲ್ಲಿ ನನ್ನ ಮುಂದೆ ಒಣದ್ರಾಕ್ಷಿಯ ರಾಶಿ ಇರುತ್ತದೆ. ಹಿಡಿ ಹಿಡಿ ತೆಗೆದು ಚೀಲಕ್ಕೆ ಹಾಕಬೇಕು, ಒಂದು ಹಿಡಿಗೆ ಐವತ್ತು ಗ್ರಾಂ, ಆಮೇಲೆ ತೂಕಕ್ಕಿಟ್ಟು ನೋಡಬೇಕು. ಹದಿಮೂರು ವರ್ಷದ ಮೇಲೆ ನನ್ನ ಹಿಡಿ ತಪ್ಪುವುದಿಲ್ಲ. ಆವತ್ತು ಸೂಪರ್‌ವೈಸರು ಹಿಂದೆ ಬಂದು ನಿಂತು, "ಅಕ್ಕೋರೆ, ನಿಮ್ಮ ಕೈ ಒಂದಿದ್ರೆ ಸಾಕು, ತಕ್ಕಡಿಗೆ ರಜೆ ಕೊಟ್ಬಿಡ್ತೀನಿ" ಎಂದ.

"ರಜೆ ಕೊಡೋದಾದ್ರೆ ನನಗೆ ಕೊಡಿ ಸ್ವಾಮಿ" ಎಂದೆ. ಎಲ್ಲರೂ ನಕ್ಕರು. ನನ್ನ ಕೈ ಮಾತ್ರ ರಾಶಿಯೊಳಗೇ ನಿಂತುಬಿಟ್ಟಿತ್ತು.

ಆ ಸಂಜೆಯಿಂದ ಪಾತ್ರೆ ಮೇಜಿನ ನಡುವೆ ಇಡುವುದನ್ನು ಬಿಟ್ಟೆ. ನಾನೇ ಬಡಿಸಿದೆ. ಅನ್ನದ ಸೌಟು ಎತ್ತಿದರೆ ಎಷ್ಟೆಂದು ಮಣಿಕಟ್ಟು ಹೇಳುತ್ತಿತ್ತು. ಊಟ ಮುಗಿದ ಮೇಲೆ ತಟ್ಟೆ ಎತ್ತಿದರೆ ಎಷ್ಟು ಉಳಿಯಿತೆಂದೂ ಹೇಳುತ್ತಿತ್ತು. ಗೋಡೆಯ ಮೇಲೆ ಹಾಳೆ ಇಲ್ಲ, ಬಾಯಲ್ಲಿ ಮಾತಿಲ್ಲ. ಅತ್ತೆ ಎಣಿಸುತ್ತಿದ್ದರು, ನಾನು ಬರೀ ಎತ್ತಿ ನೋಡುತ್ತಿದ್ದೇನೆ, ಎರಡೂ ಒಂದೇ ಅಲ್ಲ ಎಂದುಕೊಂಡೆ. ಬಸ್ಸಿನಲ್ಲಿ, ಕಾರ್ಖಾನೆಯ ಸಾಲಿನಲ್ಲಿ, ಸ್ನಾನದ ಮನೆಯಲ್ಲಿ ಹಿಂದಿನ ದಿನದ ಮೊಟ್ಟೆ, ಹಾಲು, ಅನ್ನವನ್ನು ಕೂಡಿಸುತ್ತಲೇ ಇದ್ದೆ.

ಎರಡನೇ ವಾರದ ತೂಕ ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. ಉಳಿದದ್ದು ಒಂದೇ ವಾರ. ಅಷ್ಟರಲ್ಲಿ ಎಂಟುನೂರು ಗ್ರಾಂ ಆಗಬೇಕಿತ್ತು.

ಮರುದಿನ ಸಂಜೆ ಅವಳ ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ತಿರುಗಿದೆ.

"ಎಷ್ಟು ಬಂತು?" ಎಂದಳು ಮಗಳು.

"ಏನೆಷ್ಟು?"

"ನಾಟಕ ಬೇಡಮ್ಮ. ನೀನು ಎಣಿಸ್ತಿದ್ದೀಯ. ತುಟಿ ಅಲ್ಲಾಡುತ್ತೆ ನಿಂದು."

ತಟ್ಟೆ ಕೈಯಲ್ಲೇ ಇತ್ತು. "ಇಲ್ಲ ಪುಟ್ಟೀ. ನಮ್ಮನೇಲಿ ಯಾರೂ ಯಾರದ್ದೂ ಎಣಿಸಲ್ಲ" ಎಂದೆ.

"ನಾನು ಎಣಿಸ್ತೀನಿ" ಎಂದಳು.

ಕುರ್ಚಿ ಎಳೆದುಕೊಂಡು ಕೂತೆ.

"ಎದ್ದಾಗಿಂದ ಎಣಿಸ್ತೀನಿ. ಹಲ್ಲುಜ್ಜುವಾಗ ಪೇಸ್ಟ್ ನುಂಗಿದ್ರೆ ಅದನ್ನೂ. ಮ್ಯಾಥ್ಸ್ ಪೇಪರಲ್ಲಿ ಮೂಲೆಗೆ ಬರೆದಿರ್ತೀನಿ. ನಿಲ್ಲಿಸೋಣ ಅಂದ್ರೆ ನಿಲ್ಲಲ್ಲ ಅಮ್ಮ, ಯಾರೋ ಒಳಗೆ ಕೂತು ಲೆಕ್ಕ ಕೇಳ್ತಿರ್ತಾರೆ. ಆ್ಯಪ್ ಕೊಟ್ಯಲ್ಲ, ಅದಾದ್ಮೇಲೆ ಇನ್ನೂ ಜಾಸ್ತಿ ಆಯ್ತು. ನಿನಗೆ ಒಂದು ಲೆಕ್ಕ ಬರೀತಿದ್ದೆ, ನನಗೆ ಒಂದು."

"ಯಾಕೆ ಹೇಳ್ಲಿಲ್ಲ ನೀನು?"

"ನೀನು ನೋಡೋದೇ ಇಲ್ವಲ್ಲ, ನೋಡಿದ್ರೂ ಆ ಕಡೆ ತಿರುಗ್ತೀಯ. ತಿನ್ಲಿ ಬಿಡ್ಲಿ ಅಮ್ಮಂಗೆ ಒಂದೇ ಅಂದ್ಕೊಂಡೆ." ಚಮಚ ತಿರುಗಿಸಿದಳು. "ನೀನು ಸರಿಯಾಗಿ ಎಣಿಸು. ನನ್ನೆದುರಿಗೇ ಬರಿ. ನೀನು ಎಣಿಸ್ತಿದ್ದೀಯ ಅಂತ ಗೊತ್ತಿದ್ರೆ ನಾನು ಬಿಡಬಹುದೇನೋ. ಗೊತ್ತಿಲ್ಲ. ನೋಡೋಣ."

ಬಟ್ಟೆ ಒಣಗಿಸುವ ನೆಪದಲ್ಲಿ ಬಾಲ್ಕನಿಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ. ಅವಳು ಎಂದಿನಂತೆ, "ಏನೇ, ಬದುಕಿದ್ದೀಯಾ?" ಎಂದಳು. ಎಲ್ಲವನ್ನೂ ಹೇಳಿದೆ. ಬಿಡು, ಮಕ್ಕಳ ಕಾಲದ ಮಾತು ಅದು ಎನ್ನುತ್ತಾಳೆ ಎಂದುಕೊಂಡಿದ್ದೆ.

ಅನ್ನಲಿಲ್ಲ. "ನಾನು ಇವತ್ತಿಗೂ ಯಾರ ಮನೇಲಿ ಕೂತ್ರೂ ಎರಡನೇ ಸಲ ಬಡಿಸ್ಕೊಳ್ಳಲ್ಲ, ಗೊತ್ತಾ ನಿನಗೆ?" ಎಂದಳು. "ನನ್ನ ಸ್ವಂತ ಮಗಳು ಬಡಿಸಿದ್ರೂ ಇಲ್ಲ. ಅತ್ತೆ ಧ್ವನಿ ಇನ್ನೂ ಕಿವೀಲಿದೆ. ಆ ಮಗೂಗೆ ಅದನ್ನ ಮಾಡ್ಬೇಡ ಕಣೆ."

"ಅವಳೇ ಕೇಳ್ತಿದ್ದಾಳೆ ಅಕ್ಕ."

"ಕೇಳ್ತಾಳೆ. ಚಿಕ್ಕೋಳು. ನೀನು ದೊಡ್ಡೋಳು. ನಾನಂತೂ ಹ್ಞೂಂ ಅನ್ನಲ್ಲ. ಮಾಡೋದಾದ್ರೆ ನನ್ನ ಕೇಳ್ದೆ ಮಾಡು." ಫೋನು ಇಟ್ಟಳು.

ಹಿಡಿಯಲ್ಲಿ ಒದ್ದೆ ಟವೆಲು ಇತ್ತು. ಹಿಂಡಿದ್ದನ್ನೇ ಇನ್ನೆರಡು ಸಲ ಹಿಂಡಿ, ಒಳಗೆ ಬಂದು ಮಗಳ ಹಳೆಯ ಡ್ರಾಯಿಂಗ್ ಪುಸ್ತಕ ತೆಗೆದು, ಖಾಲಿ ಹಾಳೆಯ ಮೇಲೆ ತಾರೀಖು ಬರೆದೆ. ಅಕ್ಕಿ ಡಬ್ಬಿಯ ಹಿಂದಿನ ತಕ್ಕಡಿಯ ಪೆಟ್ಟಿಗೆ ಬಿಚ್ಚಿದೆ. ಅದರ ಅಂಕೆ ಕಾಣುವ ಮುಖವನ್ನು ನನ್ನ ಕಡೆಗೆ ತಿರುಗಿಸಿಟ್ಟೆ. ಸೂಪರ್‌ವೈಸರನ ಕಾಲಿಗೆ ಬಿದ್ದಷ್ಟು ಮಾಡಿ ಒಂದು ವಾರ ಎರಡನೇ ಪಾಳಿಗೆ ಬದಲಾಯಿಸಿಕೊಂಡೆ. ಬೆಳಗಿನ ತಿಂಡಿಗೂ ಶಾಲೆಗೆ ಹೊರಡುವ ಮೊದಲಿನ ಹಾಲಿಗೂ ನಾನೇ ಎದುರಿಗೆ ಕೂರುತ್ತಿದ್ದೆ, ಮಧ್ಯಾಹ್ನ ಶಾಲೆಗೆ ಡಬ್ಬಿ ಹಿಡಿದುಕೊಂಡು ಹೋಗಿ ಟೀಚರ ಕೋಣೆಯಲ್ಲಿ ಕೂರಿಸಿ ಉಣ್ಣಿಸಿ, ಅಲ್ಲಿಂದಲೇ ಕೆಲಸಕ್ಕೆ ಓಡುತ್ತಿದ್ದೆ. ರಾತ್ರಿಯದಕ್ಕೆ ನನ್ನವರು ಲಾರಿ ಬೇರೆಯವರ ಕೈಗೆ ಕೊಟ್ಟು ಬಂದು ಕೂತರು. "ಎರಡು ತುತ್ತು ಎಕ್ಸ್‌ಟ್ರಾ ಬರ್ಕೊಳ್ಳಲೇನೇ, ನಿಮ್ಮಮ್ಮಂಗೆ ಗೊತ್ತಾಗಲ್ಲ" ಎಂದು ಅವರು ಕೇಳಿದರೆ, "ಅಪ್ಪಾ, ಮೋಸ ಮಾಡೋದ್ರಲ್ಲಿ ನೀನು ನನಗಿಂತ ದಡ್ಡ" ಎಂದಳಂತೆ.

ಸುಲಭವಾಗಿರಲಿಲ್ಲ. ಮೂರನೇ ದಿನ ಹಾಲಿನ ಲೋಟ ತಳ್ಳಿ, "ನೀನು ಪೊಲೀಸು" ಎಂದು ಕಿರುಚಿದಳು. ಚೆಲ್ಲಿದ್ದನ್ನು ಒರೆಸಿ ಇನ್ನೊಂದು ಲೋಟ ಇಟ್ಟೆ. ಅರ್ಧ ಗಂಟೆ ಇಬ್ಬರೂ ಲೋಟವನ್ನೇ ನೋಡುತ್ತ ಕೂತೆವು. ಕೊನೆಗೆ ಕುಡಿದಳು. ಬರೆದುಕೊಂಡೆ. ಐದನೇ ದಿನ ಬ್ರೆಡ್ಡಿನ ಎರಡನೇ ತುಂಡು ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದವಳಿಗೆ, ಯೋಚನೆ ಮಾಡುವ ಮೊದಲೇ ನನ್ನ ಬಾಯಿ, "ಇದು ಮೂರನೇದು" ಎಂದಿತು, ಕೈ ಇನ್ನೊಂದನ್ನು ಮುಂದಿಟ್ಟಿತು. ಅತ್ತೆಯ ಮಾತು. ಪೆನ್ನು ಕೆಳಗಿಟ್ಟೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ತುಂಡು ಎತ್ತಿಕೊಂಡಳು.

ಮೂರನೇ ವಾರದ ಕೊನೆಗೆ ಆಸ್ಪತ್ರೆಯ ತಕ್ಕಡಿಯಲ್ಲಿ, ಮೊದಲ ದಿನಕ್ಕಿಂತ ಆರುನೂರು ಗ್ರಾಂ ಹೆಚ್ಚಿತ್ತು. ಡಾಕ್ಟರು ಎರಡು ಸಲ ಹತ್ತಿಸಿ ಇಳಿಸಿ ನೋಡಿದರು. "ಸೇರಿಸ್ಕೊಳ್ಳೋದು ಬೇಡ. ಎಣಿಸೋದು ನಿಲ್ಲಿಸ್ಬೇಡಿ, ಇನ್ನೂ ಆರು ತಿಂಗಳಾದ್ರೂ" ಎಂದರು.

ಅಕ್ಕ ಇನ್ನೂ ಫೋನ್ ಮಾಡಿಲ್ಲ. ನಾನು ಮಗಳ ತುತ್ತು ಎಣಿಸುತ್ತಿದ್ದೇನೆ. ಅಕ್ಕನಿಗೆ ಕೊಟ್ಟ ಮಾತನ್ನು ಮುರಿದಿದ್ದೇನೆ.