ಬಿಚ್ಚಬಾರದ ಪಟ್ಟಿ

ಥೆರಪಿಸ್ಟ್ ಶ್ವೇತ ಬಿಸಿನೀರಿನ ತಟ್ಟೆಯಿಂದ ಸ್ಪ್ಲಿಂಟನ್ನು ಮೇಲೆತ್ತುತ್ತಿದ್ದಾಗ ಮೆಹ್ವಿಶಳ ಫೋನು ಹೊಡೆದುಕೊಂಡಿತು. ಮಡಿಸಿಟ್ಟ ಟವೆಲಿನ ಮೇಲೆ ಮೆಹ್ವಿಶಳ ತಾಯಿ ಉಮ್ಮೆ ಕುಲ್ಸುಮಳ ಬಲಗೈ ಬರಿದಾಗಿ ಮಲಗಿತ್ತು. ಒಡೆದ ಗಾಜಿನ ಜಗ್ಗು ಅಂಗೈಯನ್ನು ಸೀಳಿ, ಎರಡು ಬೆರಳುಗಳನ್ನು ಮಡಿಸುವ ಸ್ನಾಯುರಜ್ಜುಗಳನ್ನೇ ಕತ್ತರಿಸಿಹಾಕಿತ್ತು. ಡಾಕ್ಟರು ಅವನ್ನು ಹೊಲಿದಿದ್ದರು. ಒಳಗಿನ ಹೊಲಿಗೆ ಕೂಡಿಕೊಳ್ಳುವವರೆಗೆ ಬೆರಳುಗಳು ನೆಟ್ಟಗಾಗಕೂಡದೆಂದು, ಕೈಯ ಹಿಂಬದಿಗೆ ಕಟ್ಟುವ ಈ ಗಟ್ಟಿ ಪ್ಲಾಸ್ಟಿಕ್ಕಿನ ಸ್ಪ್ಲಿಂಟನ್ನು ಹಲಸೂರಿನ ಆಸ್ಪತ್ರೆಯ ಥೆರಪಿ ಕೋಣೆಯಲ್ಲಿ ಶ್ವೇತಳೇ ಅವಳ ಅಳತೆಗೆ ಬಾಗಿಸಿ ಮಾಡಿದ್ದಳು. ಹೆಬ್ಬೆರಳ ಬುಡದಲ್ಲಿ ಒತ್ತುತ್ತಿದೆಯೆಂದು ಇವತ್ತು ಅಂಚು ತಿದ್ದುತ್ತಿದ್ದಳು.

ಮೆಹ್ವಿಶ್ ಫೋನು ಕೆಳಗಿಟ್ಟಳು. "ಅಮ್ಮಿ, ಇಮಾಮ್ ಬೀ ದಾದಿಮಾ ಹೋಗ್ಬಿಟ್ರಂತೆ. ಸಂಜೆ ಅಸರ್ ನಮಾಜ್ ಆದ್ಮೇಲೆ ಎತ್ತುತಾರಂತೆ. ಅಲಿಯಾ ಆಪಾ ನಿನ್ನೇ ಕೇಳ್ತಿದಾರೆ."

ಕುಲ್ಸುಮಳ ತುಟಿಗಳು ಸದ್ದಿಲ್ಲದೆ ಅಲುಗಿದವು. ಆಮೇಲೆ ಅವಳು ಶ್ವೇತಳ ಕಡೆ ತಿರುಗಿದಳು.

"ಮೇಡಂ, ಇವತ್ತೊಂದಿನ ಅದನ್ನ ಹಾಕ್ಬೇಡಿ."

"ಯಾಕೆ ಆಂಟಿ?"

"ಒಬ್ರಿಗೆ ಸ್ನಾನ ಮಾಡಿಸ್ಬೇಕು. ಕೊನೇ ಸ್ನಾನ."

ಶಿವಾಜಿನಗರದ ಅವರ ಗಲ್ಲಿಯಲ್ಲಿ ಹೆಂಗಸರು ಯಾರೇ ತೀರಿಕೊಂಡರೂ ಮೈ ತೊಳೆಯಲು ಕರೆಯುತ್ತಿದ್ದದ್ದು ಇಮಾಮ್ ಬೀಯನ್ನು. ಗಂಡ ಸತ್ತು ಕುಲ್ಸುಂ ಮಂಕಾಗಿ ಕೂತಿದ್ದ ಕಾಲದಲ್ಲಿ ಆ ಮುದುಕಿ ಅವಳನ್ನು ಎಬ್ಬಿಸಿ ಜೊತೆಗೆ ಕರೆದುಕೊಂಡು ಹೋಗಿ ಕೆಲಸ ಕಲಿಸಿದ್ದಳು. ಅದಕ್ಕೆ ಅವರಿಬ್ಬರೂ ಯಾರಿಂದಲೂ ಏನನ್ನೂ ತೆಗೆದುಕೊಂಡವರಲ್ಲ. "ನನ್ನನ್ನ ನೀನೇ ತೊಳೀಬೇಕು" ಎಂದು ಇಮಾಮ್ ಬೀ ಹೇಳಿದಾಗ ಕುಲ್ಸುಂ ಹೂಂ ಅಂದಿದ್ದಳು.

ಕುಲ್ಸುಂ ಹೇಳಿದ್ದನ್ನೆಲ್ಲ ಶ್ವೇತ ಕೇಳಿಸಿಕೊಂಡಳು. ಮೆತ್ತಗಾದ ಅಂಚನ್ನು ಹೊರಕ್ಕೆ ತಿರುಗಿಸಿ, ಗಟ್ಟಿಯಾಗುವವರೆಗೆ ಬೆರಳಲ್ಲಿ ಒತ್ತಿ ಹಿಡಿದಿದ್ದಳು.

"ಈಗ ಆ ಕೈಯಲ್ಲಿ ಏನನ್ನಾದ್ರೂ ಎತ್ತಿದ್ರೆ ಒಳಗಿನ ಹೊಲಿಗೆ ಕಿತ್ಕೊಂಡ್ಬಿಡುತ್ತೆ. ಇನ್ನೊಂದ್ ಆಪರೇಷನ್ ಆಗ್ಬೇಕಾಗುತ್ತೆ. ಆಮೇಲೂ ಬೆರಳು ಮಡಿಸೋಕೆ ಬರುತ್ತೆ ಅಂತ ನಾನು ಹೇಳಲಾರೆ. ನೀವು ಬಟ್ಟೆ ಹೊಲಿಯೋರು, ಆಂಟಿ."

"ಬೆರಳು ನಂದಲ್ವಾ ಮೇಡಂ."

"ನಿಮ್ದೇ. ನಾನಂತೂ ಹಾಕೇ ಕಳಿಸ್ತೀನಿ. ಮನೇಲಿ ಬಿಚ್ಚೋದು ಬಿಡೋದು ನಿಮಗೆ ಸೇರಿದ್ದು." ಅವಳು ಬಾಗಿದ ಬೆರಳುಗಳನ್ನು ಜೋಪಾನವಾಗಿ ಸ್ಪ್ಲಿಂಟಿನೊಳಗೆ ಕೂರಿಸಿ ಪಟ್ಟಿಗಳನ್ನು ಒಂದೊಂದಾಗಿ ಅಂಟಿಸಿದಳು.

ತಾಯಿ ಮಗಳು ಆಟೋ ಹಿಡಿದು ಶಿವಾಜಿನಗರಕ್ಕೆ ಹೊರಟರು. ಮೆಹ್ವಿಶ್ ದೊಡ್ಡನೆಕ್ಕುಂದಿಯ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡುತ್ತಿದ್ದಳು. ಆಸ್ಪತ್ರೆಗಾಗಿ ಅರ್ಧ ದಿನ ರಜೆ ಹಾಕಿದ್ದಳು. ಚಿಕ್ಕವಳಿದ್ದಾಗ ಶಾಲೆಯ ಹುಡುಗಿಯರು ನಿಮ್ಮಮ್ಮ ಹೆಣ ಮುಟ್ಟೋಳು ಎಂದು ಅವಳ ಪಕ್ಕ ಕೂರುತ್ತಿರಲಿಲ್ಲ. ಸಾವಿನ ಮನೆಯಿಂದ ಅಮ್ಮ ಬಂದ ದಿನ ಅವಳು ಅಮ್ಮ ಕಲಸಿದ ಅನ್ನ ತಿನ್ನುತ್ತಿರಲಿಲ್ಲ. ಕುಲ್ಸುಂ ಯಾಕೆಂದು ಕೇಳಿದವಳಲ್ಲ. ಸುಮ್ಮನೆ ತಟ್ಟೆಯ ಪಕ್ಕ ಒಂದು ಚಮಚ ಇಡುತ್ತಿದ್ದಳು.

ಇಮಾಮ್ ಬೀಯ ಮನೆಯ ಹಿಂದಿನ ಇಕ್ಕಟ್ಟಾದ ಜಾಗಕ್ಕೆ ಸುತ್ತಲೂ ಚಾದರ ಕಟ್ಟಿದ್ದರು. ಹಲಗೆಯ ಮೇಲೆ ಮುದುಕಿ ಬಟ್ಟೆ ಹೊದ್ದು ಮಲಗಿದ್ದಳು. ಸೊಸೆ ಅಲಿಯಾ ಬೋರೆ ಎಲೆ ಹಾಕಿ ಕಾಯಿಸಿದ ನೀರನ್ನು ಬಕೆಟ್ಟಿಗೆ ಬಗ್ಗಿಸುತ್ತಿದ್ದಳು.

"ಮಸೀದಿಯವರು ಬೇರೆ ಹೆಂಗಸನ್ನ ಕಳಿಸ್ತೀವಿ ಅಂದ್ರು. ನಾನು ಬೇಡ ಅಂದೆ," ಅಂದಳು ಅಲಿಯಾ. "ರಾತ್ರಿಯೆಲ್ಲ ಅತ್ತೆ ಬಾಯಲ್ಲಿ ನಿಮ್ಮ ಹೆಸರೇ."

ಕುಲ್ಸುಂ ಗೋಡೆಯ ಕಡೆ ತಿರುಗಿ ನಿಂತಳು. ಎಡಗೈಯಿಂದ ಮೊದಲ ಪಟ್ಟಿಯ ತುದಿ ಹಿಡಿದು ಎಳೆದಳು. ಪರ್ ಎಂದು ಬಿಟ್ಟುಕೊಂಡಿತು. ಎರಡನೆಯದೂ ಬಂತು. ಎರಡು ಬೆರಳುಗಳು ಆಸರೆ ತಪ್ಪಿ ಸಡಿಲಾದವು.

ಚಾದರದಾಚೆ ನಿಂತಿದ್ದ ಮೆಹ್ವಿಶ್ ಆ ಸದ್ದಿಗೆ ಒಳಗೆ ಬಂದಳು. ಹಲಗೆಯ ಕಡೆ ನೋಡದೆ ತಾಯಿಯ ಮಣಿಕಟ್ಟನ್ನು ಹಿಡಿದು, ಬೆರಳುಗಳನ್ನು ಮೊದಲಿದ್ದಂತೆ ಕೂರಿಸಿ, ಎರಡೂ ಪಟ್ಟಿಗಳನ್ನು ಒತ್ತಿ ಅಂಟಿಸಿದಳು.

"ಏನ್ ಮಾಡ್ಬೇಕು ಹೇಳು."

"ನಿಂಗಾಗಲ್ಲ."

"ನೀನು ಹೇಳು ಅಮ್ಮಿ."

ಕುಲ್ಸುಂ ಅಲಿಯಾಳ ಕಡೆ ತಿರುಗಿ ತಲೆಯಾಡಿಸಿದಳು. ಆಮೇಲೆ ಮೆಹ್ವಿಶಳ ಕೈಗೆ ಅಲಿಯಾ ಬಿಳಿ ಬಟ್ಟೆ ಸುತ್ತಿಕೊಟ್ಟಳು.

"ಬಲಗಡೆಯಿಂದ ಶುರು ಮಾಡು. ಮೆಲ್ಲಗೆ. ಅವ್ರಿಗೆ ಎಲ್ಲಾ ಗೊತ್ತಾಗುತ್ತೆ ಅಂದ್ಕೊಂಡೇ ತೊಳಿ," ಅಂದಳು ಕುಲ್ಸುಂ.

ತಣ್ಣಗಿದ್ದ ಭುಜ ತಾಗಿದಾಗ ಮೆಹ್ವಿಶಳ ಕೈ ಅಲ್ಲೇ ನಿಂತುಬಿಟ್ಟಿತು. ಕುಲ್ಸುಂ ತನ್ನ ಎಡಗೈಯನ್ನು ಅದರ ಮೇಲಿಟ್ಟಳು. ಎರಡೂ ಕೈಗಳು ಭುಜದಿಂದ ಮೊಣಕೈಗೆ, ಮೊಣಕೈಯಿಂದ ಬೆರಳುಗಳಿಗೆ ಇಳಿದವು. ಅಲಿಯಾ ನೀರು ಹೊಯ್ದಳು. ಸ್ವಲ್ಪ ಹೊತ್ತಿನ ಮೇಲೆ ಕುಲ್ಸುಂ ಕೈ ತೆಗೆದಳು. ಮಗಳ ಕೈ ನಿಲ್ಲಲಿಲ್ಲ. ಮಗ್ಗುಲು ಹೊರಳಿಸುವಾಗ ಮೆಹ್ವಿಶ್ ಅಳುತ್ತಿದ್ದಳು. ಆದರೂ ಹೊದ್ದ ಬಟ್ಟೆ ಜಾರದಂತೆ ಸರಿಮಾಡಿದಳು. ಕರ್ಪೂರದ ನೀರನ್ನು ಕೊನೆಗೆ ಹೊಯ್ದರು.

ಕಫನಿನ ಬಿಳಿ ಬಟ್ಟೆ ಹೊದಿಸುವ ಮೊದಲು ಕೂದಲನ್ನು ಎರಡು ಜಡೆ ಮಾಡಿ ಎದೆಯ ಮೇಲೆ ಇಡಬೇಕಿತ್ತು. ಇಮಾಮ್ ಬೀಯ ಕೂದಲು ಬೆಳ್ಳಗೆ, ಎಳೆಎಳೆಯಾಗಿ, ನೆನೆದು ಜಾರುತ್ತಿತ್ತು. ಮೆಹ್ವಿಶ್ ಎರಡು ಎಳೆ ಹಿಡಿದಳು, ಕುಲ್ಸುಂ ಎಡಗೈಯಲ್ಲಿ ಮೂರನೆಯದನ್ನು. ಒಬ್ಬರಿಗೊಬ್ಬರು ದಾಟಿಸುತ್ತ ಹೆಣೆದ ಎರಡೂ ಜಡೆಗಳು ಸೊಟ್ಟಗೇ ಆದವು. ಬಿಚ್ಚಿ ಮತ್ತೆ ಹಾಕಿಸಬೇಕೆಂದು ಕುಲ್ಸುಮಳಿಗೆ ಒಮ್ಮೆ ಅನ್ನಿಸಿತು. ಇರಲಿ ಎಂದು ಬಿಟ್ಟಳು.

ಅಸರ್ ಮುಗಿದ ಮೇಲೆ ಗಂಡಸರು ಜನಾಜಾ ಎತ್ತಿದರು. ಗಲ್ಲಿಯ ತಿರುವಿನವರೆಗೆ ಕಲಿಮಾ ಕೇಳಿಸುತ್ತಿತ್ತು. ಆಮೇಲೆ ಬಸ್ಸುಗಳ ಸದ್ದಿನಲ್ಲಿ ಸೇರಿಹೋಯಿತು. ಮೆಹ್ವಿಶ್ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ನೀರಿನಲ್ಲಿ ನೆನೆದು ಅವಳ ಬೆರಳ ತುದಿಗಳು ಸುಕ್ಕುಗಟ್ಟಿದ್ದವು.

ಕುಲ್ಸುಂ ಪಕ್ಕದಲ್ಲಿ ಬಂದು ಕೂತಳು. ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಎಡಗೈಯಲ್ಲಿ ದುಪಟ್ಟಾದ ಸೆರಗು ಹಿಡಿದು, ಮಗಳ ಬೆರಳುಗಳನ್ನು ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಒರೆಸತೊಡಗಿದಳು. ಒಂದು ಕೈ ಮುಗಿದ ಮೇಲೆ ಮೆಹ್ವಿಶ್ ಇನ್ನೊಂದನ್ನು ತಾನೇ ಮುಂದೆ ಚಾಚಿದಳು.